ಮನೆಯಲ್ಲೇ ಸ್ವಂತ ಹಾಡಿನ ರೆಕಾರ್ಡಿಂಗ್: ಹಂಚಿನ ಮೇಲೆ ಮಳೆ, ಗೆಳೆಯನ ಕೈಲಿ ಕ್ಲಿಕ್ಕು

ತೀರ್ಥಳ್ಳಿ ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ಹಾಡು ಬರೆದು, ರಾಗ ಹಾಕಿ, ಹಾಡುವವನು. ವಾದ್ಯ ಅಂದ್ರೆ ಹಾರ್ಮೋನಿಯಂ ಮೇಲೆ ಸ್ವರ ಹುಡುಕುವಷ್ಟೇ ಬರೋದು. ಗೆಳೆಯ ಶಿವಮೊಗ್ಗದವನು. ಕೀಬೋರ್ಡು, ಕೊಳಲು ಎರಡೂ ನುಡಿಸ್ತಾನೆ. ಆರ್ಕೆಸ್ಟ್ರಾ, ಸುಗಮ ಸಂಗೀತ, ಮದುವೆ ಮನೆ ಅಂತ ವರ್ಷವಿಡೀ ಓಡಾಟ. ಅವನಿಗೆ ಪುರುಸೊತ್ತಾಗೋದು ಆಷಾಢದಲ್ಲಿ, ಮದುವೆ ಮುಂಜಿ ಎಲ್ಲ ನಿಂತ ಮೇಲೆ. ಅದೇ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದುಕೊಂಡಿರುತ್ತೆ.

ನನ್ನ ಐದು ಹಾಡನ್ನ ನಮ್ಮ ಮನೆಯಲ್ಲೇ ರೆಕಾರ್ಡ್ ಮಾಡೋದು ಅಂತ ತೀರ್ಮಾನ. ಸಾಮಾನು ಹೆಚ್ಚೇನಿಲ್ಲ. ಎರಡು ಇನ್‌ಪುಟ್ಟಿನ ಇಂಟರ್ಫೇಸು (ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಪೆಟ್ಟಿಗೆ), ಸಣ್ಣ ಸದ್ದನ್ನೂ ಹಿಡಿಯೋ ಒಂದು ಕಂಡೆನ್ಸರ್ ಮೈಕು, ಆರ್ಕೆಸ್ಟ್ರಾದಲ್ಲಿ ಬಿದ್ದು ಎದ್ದು ಜಾಲರಿ ನೆಗ್ಗಿದ ಒಂದು ವೇದಿಕೆ ಮೈಕು ಎಸ್‌ಎಂ58, ಲ್ಯಾಪ್‌ಟಾಪಲ್ಲಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಕೋಣೆ ಉಪ್ಪರಿಗೆಯದ್ದು. ಹಲಗೆ ನೆಲ, ಮೇಲೆ ಬರೀ ಹಂಚು. ಮಳೆ ಜೋರಾದ್ರೆ ಅಲ್ಲಿ ಎದುರು ಕೂತವನ ಮಾತೇ ಕೇಳಲ್ಲ.

ಇದೊಂದಾದ್ರೆ, ಇನ್ನೊಂದು ಕ್ಲಿಕ್ಕಿನ ಜಗಳ. ಅವನು ಮೊದಲು ಟೆಂಪೋ (ಹಾಡಿನ ವೇಗ) ಇಟ್ಟು, ತಾಳ ಹಿಡಿಯೋಕೆ ಕಿವಿಯಲ್ಲಿ ಬಡಿಯೋ ಕ್ಲಿಕ್ ಹಾಕು ಅಂತಾನೆ. ಕಿವಿಯಲ್ಲಿ ಟಿಕ್ ಟಿಕ್ ಅಂತಿದ್ರೆ ನನಗೆ ಸಾಹಿತ್ಯ ಬಾಯಿಗೆ ಬರಲ್ಲ, ಲೆಕ್ಕ ಬರುತ್ತೆ. ಎರಡು ಭಾನುವಾರ ಇದರಲ್ಲೇ ಹೋಯ್ತು. ಅಜ್ಜನ ಕಾಲದ ಹಾರ್ಮೋನಿಯಂ ಅವನ ಕೀಬೋರ್ಡಿಗೆ ಸೇರ್ತಾ ಇಲ್ಲ, ಅದು ಬೇರೆ. ಮನೆಯಲ್ಲಿ ಮಾಡಿದ ಅನುಭವ ಇರುವವರು ಹೇಳಿ. ಬೆಂಗಳೂರಿಗೆ ಹೋಗಿ ಸ್ಟುಡಿಯೋದಲ್ಲಿ ಮಾಡಿಸಿ ಅನ್ನೋ ಸಲಹೆ ಮನೆಯವರಿಂದಲೇ ಬಂದಿದೆ, ನೀವು ಮತ್ತೆ ಕೊಡಬೇಡಿ.

ಸಾಗರದ ಕಿವಿ

ಮೊದಲು ಉಪ್ಪರಿಗೆ ಬಿಟ್ಟು ಕೆಳಗೆ ಇಳೀರಿ ಮಾರಾಯ್ರೆ.

ಮಳೆ ಸದ್ದು ಫ್ಯಾನಿನ ಗುಂಯ್ ಥರ ಒಂದು ಜಾಗದಲ್ಲಿ ಕೂತಿರಲ್ಲ. ಕೆಳಗಿನ ಗುಡುಗುಡುವಿನಿಂದ ಹಿಡಿದು ಮೇಲಿನ ಚಟಪಟದವರೆಗೆ, ನಿಮ್ಮ ದನಿ ಇರುವ ಜಾಗವನ್ನೂ ಸೇರಿಸಿ, ಎಲ್ಲಾ ಕಡೆ ಹರಡಿರುತ್ತೆ. ಈಕ್ವಲೈಸರಲ್ಲಿ ಕತ್ತರಿಸಿ ತೆಗೀತೀನಿ ಅಂದ್ರೆ ದನಿಯೂ ಜೊತೆಗೇ ಹೋಗುತ್ತೆ. ನಾಯ್ಸ್ ರಿಡಕ್ಷನ್ ಹಾಕಿದ್ರೆ ಸ, ಶ, ಹ ಎಲ್ಲ ನೀರೊಳಗಿಂದ ಬಂದಂತೆ ಗುಳುಗುಳು ಅನ್ನುತ್ತೆ. ಸಣ್ಣ ಸದ್ದನ್ನ ಮುಚ್ಚೋ ಗೇಟ್ ಹಾಕಿದ್ರೂ ಅಷ್ಟೆ, ನೀವು ಹಾಡದೇ ಇರುವಾಗ ಮಳೆ ನಿಲ್ಲುತ್ತೆ, ಬಾಯಿ ತೆಗೆದ ಕೂಡಲೇ ಸುರಿಯುತ್ತೆ. ಅದು ಇನ್ನೂ ಕಿರಿಕಿರಿ. ಕೊನೆಗೆ ದನಿಯ ಏರಿಳಿತ ಸಮ ಮಾಡೋ ಕಂಪ್ರೆಸರ್ ಹಾಕಿ 8 ಡೆಸಿಬಲ್ ಎತ್ತಿದ್ರಿ ಅನ್ನಿ, ಮಳೆಯೂ 8 ಡೆಸಿಬಲ್ ಎದ್ದು ಕೂರುತ್ತೆ. ಹಾಗಾಗಿ ಮೈಕಿಗೆ ಬರುವ ಮೊದಲೇ ತಡೆಯಬೇಕು.

ನಿಮ್ಮದು ಹಳೇ ಮನೆ ಅನ್ನಿಸುತ್ತೆ. ಕೆಳಗೆ ಮುಚ್ಚಿಗೆ ಹಾಕಿದ ಕೋಣೆ ಇದೆಯಾ? ಮರದ ಮುಚ್ಚಿಗೆ, ಅದರ ಮೇಲೆ ಮಣ್ಣು ಹಾಸಿದ್ದು? ಇದ್ರೆ ಅದೇ ನಿಮ್ಮ ಸ್ಟುಡಿಯೋ. ಸದ್ದು ತಡೆಯೋಕೆ ಬೇಕಾಗಿರೋದು ತೂಕ. ಹಂಚಿಗೂ ನಿಮಗೂ ನಡುವೆ ಗಾಳಿ, ಮಣ್ಣು, ಮರ, ಇಷ್ಟು ಬಂದ್ರೆ ಜೋರು ಮಳೆಯೂ ದೂರದ ಸದ್ದಾಗುತ್ತೆ. ಮಣ್ಣಿನ ಗೋಡೆ ದಪ್ಪ ಇದ್ದು ಕಿಟಕಿ ಚಿಕ್ಕದಿದ್ರೆ ಇನ್ನೂ ಒಳ್ಳೇದು.

ಆಮೇಲೆ ಮೈಕಿನ ದೂರ. ಬಾಯಿಂದ ಎರಡು ಗೇಣಲ್ಲಿ ಇದ್ದ ಮೈಕನ್ನ ಒಂದು ಗೇಣಿಗೆ ತಂದ್ರೆ ದನಿ 6 ಡೆಸಿಬಲ್ ಹೆಚ್ಚು ಸಿಗುತ್ತೆ, ಮಳೆ ಇದ್ದಷ್ಟೇ ಇರುತ್ತೆ. ಪುಕ್ಕಟೆ ಲಾಭ. ತೀರಾ ಹತ್ತಿರ ಬಂದ್ರೆ ದನಿಯ ತಳ ಊದಿಕೊಳ್ಳುತ್ತೆ, ಅದನ್ನ 100 ಹರ್ಟ್ಸ್ ಆಸುಪಾಸಲ್ಲಿ ಸ್ವಲ್ಪ ಇಳಿಸಿದ್ರಾಯ್ತು. ಎಸ್‌ಎಂ58 ಕಾರ್ಡಿಯಾಯ್ಡ್ ಮೈಕು, ಬೆನ್ನ ಕಡೆಯಿಂದ ಬರೋದನ್ನ ಕಡಿಮೆ ತಗೊಳ್ಳುತ್ತೆ. ಕಿಟಕಿಗೆ ಮೈಕಿನ ಬೆನ್ನು, ನಿಮ್ಮ ಬೆನ್ನಿಗೆ ಕಂಬಳಿ. ಕಂಡೆನ್ಸರೇ ಬೇಕು ಅಂತ ಹಟ ಮಾಡಬೇಡಿ. ಮಳೆಗಾಲದಲ್ಲಿ ಅದು ನಿಮ್ಮ ದನಿ, ಪಕ್ಕದ ಮನೆ ಅಡಿಕೆ ತೋಟದಲ್ಲಿ ಕೂತ ಕಪ್ಪೆ, ಎರಡನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತೆ.

ಕಂಬ್ಳಿಕೊಪ್ಪೆ

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ. ನಮ್ಮ ಬ್ಯಾಂಡಿನವರು ಹಾಗೇ ಮಾಡಿದ್ದು.

ಸಾಗರದ ಕಿವಿ

ಮೊಟ್ಟೆ ಟ್ರೇಯಲ್ಲಿ ತೂಕವೂ ಇಲ್ಲ, ದಪ್ಪವೂ ಇಲ್ಲ. ಹೊರಗಿನ ಸದ್ದು ತಡೆಯಲ್ಲ, ಒಳಗಿನ ಗುಂಗು ಹೀರಲ್ಲ. ಮೇಲಿನ ಸ್ವರಗಳ ಹೊಳಪು ಅಷ್ಟಿಷ್ಟು ಚದುರುತ್ತೆ, ಜಿರಲೆಗೆ ಮನೆ ಆಗುತ್ತೆ. ಗೋಡೆಯಿಂದ ಒಂದು ಗೇಣು ಬಿಟ್ಟು ಎರಡು ಪದರ ಕಂಬಳಿ ಇಳಿಬಿಟ್ಟರೆ ಅದಕ್ಕಿಂತ ಎಷ್ಟೋ ಮೇಲು. ಮೂಲೆಗೆ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿ, ಗುಂಯ್ ಅನ್ನೋದು ಜಾಸ್ತಿ ಮೂಲೆಯಲ್ಲೇ ಸೇರೋದು.

ಕಂಬ್ಳಿಕೊಪ್ಪೆ

ಸರಿ. ಆದ್ರೆ ಮಲೆನಾಡಿನ ಹಾಡಲ್ಲಿ ಮಳೆ ಸದ್ದು ಇದ್ರೆ ತಪ್ಪೇನು? ಇರಲಿ ಬಿಡಿ ಅಂತೀನಿ.

ಸಾಗರದ ಕಿವಿ

ಇರಲಿ, ಆದ್ರೆ ದನಿಯ ಟ್ರ್ಯಾಕಲ್ಲಿ ಬೇಡ. ಪಲ್ಲವಿ ಹಾಡುವಾಗ ಧೋ ಅಂತ ಸುರಿದದ್ದು ಚರಣದ ಹೊತ್ತಿಗೆ ಜಿಟಿಜಿಟಿ ಆಗಿರುತ್ತೆ. ಎರಡು ಟೇಕಿಂದ ಒಳ್ಳೆ ಸಾಲು ಆರಿಸಿ ಜೋಡಿಸಿದ್ರೆ ಸಾಲುಸಾಲಿಗೂ ಮಳೆ ಬದಲಾಗುತ್ತೆ, ಕತ್ತರಿ ಹಾಕಿದ್ದು ಎಲ್ಲರಿಗೂ ಗೊತ್ತಾಗುತ್ತೆ. ಮಳೆ ಬೇಕಾದ್ರೆ ಜಗಲಿಯಲ್ಲಿ ಕಂಡೆನ್ಸರ್ ಇಟ್ಟು ಐದು ನಿಮಿಷ ಬರೀ ಮಳೆ ಹಿಡಿದಿಟ್ಟುಕೊಳ್ಳಿ. ಮೈಕಿಗೆ ನೀರು ಸಿಡೀದೇ ಇರೋ ಹಾಗೆ. ಆಮೇಲೆ ಎಷ್ಟು ಬೇಕೋ ಅಷ್ಟು ಬೆರೆಸಿ.

ಏಳು ಮಾತ್ರೆ

ಕ್ಲಿಕ್ಕಿನ ಜಗಳಕ್ಕೆ ಬರ್ತೀನಿ. ನಾನು ತಬಲಾದವನು, ಭದ್ರಾವತಿ. ಇಬ್ಬರದ್ದೂ ಸರಿ ಅನ್ನೋ ಪಂಚಾಯ್ತಿ ಮಾತು ಹೇಳಲ್ಲ. ಹಾಡು ನೋಡದೆ ಕ್ಲಿಕ್ ಹಾಕು ಅನ್ನೋದು ತಪ್ಪು.

ಮೊದಲು ಕೇಳಬೇಕಾದ್ದು ಹಾಡು ಯಾವ ನಡೆಯಲ್ಲಿದೆ ಅಂತ. ಸುಗಮ ಸಂಗೀತದಲ್ಲಿ ಮುಕ್ಕಾಲು ಪಾಲು ದಾದರಾ ಇಲ್ಲಾ ಕೆಹರವಾ. ಆರು ಮಾತ್ರೆ, ಎಂಟು ಮಾತ್ರೆ. ಸಾಫ್ಟ್‌ವೇರ್ ತೆರೆದ ಕೂಡಲೇ ಸಿಗೋದು ನಾಲ್ಕರ ಕ್ಲಿಕ್ಕು. ದಾದರಾ ಹಾಡಿಗೆ ನಾಲ್ಕರ ಕ್ಲಿಕ್ ಇಟ್ಟರೆ ಒತ್ತು ಬೀಳಬಾರದ ಅಕ್ಷರದ ಮೇಲೆ ಟಣ್ ಅಂತ ಬೀಳುತ್ತೆ. ನಿಮಗೆ ಲೆಕ್ಕ ಬರೋದು ಅದಕ್ಕೇ. ಮಿಶ್ರಛಾಪು ಇದ್ರಂತೂ ಮೂರು, ಎರಡು, ಎರಡು ಅಂತ ಒತ್ತು ಇಡಬೇಕು, ಏಳೂ ಒಂದೇ ಥರ ಬಡಿದರೆ ಯಾರಿಗೂ ಹಾಡೋಕಾಗಲ್ಲ.

ಕ್ಲಿಕ್ ಬದಲು ಠೇಕಾ, ಅಂದ್ರೆ ಆ ತಾಳದ ತಬಲಾ ಬೋಲು, ಹಾಕಿ. ಗೆಳೆಯನ ಕೀಬೋರ್ಡಲ್ಲಿ ತಬಲಾ ಟೋನ್ ಇರುತ್ತೆ, ಒಂದು ಆವರ್ತನ ನುಡಿಸಿ ಲೂಪ್ ಮಾಡ್ಲಿ. ಧಾ ಎಲ್ಲಿದೆ ಅಂತ ಕಿವಿಗೆ ಗೊತ್ತಾದ್ರೆ ಬಾಯಿ ತಾನಾಗಿ ಬರುತ್ತೆ. ಕೊನೆಗೆ ಲೂಪ್ ತೆಗೆದು ನಿಜವಾದ ತಬಲಾ ಕೂರಿಸಿಕೊಳ್ಳಿ.

ದುರ್ಗಿಗುಡಿ ಕೀಬೋರ್ಡ್

ನಾನು ಗೆಳೆಯನ ಪಕ್ಷ. ಕ್ಲಿಕ್ ಇಲ್ಲದ ಹಾಡಿಗೆ ವಾದ್ಯ ಸೇರಿಸುವವನ ಗೋಳು ಹಾಡುವವರಿಗೆ ಗೊತ್ತಾಗಲ್ಲ ಸ್ವಾಮಿ. ಪಲ್ಲವಿ ನಿಮಿಷಕ್ಕೆ 72 ಬಡಿತದಲ್ಲಿ ಶುರು, ಚರಣಕ್ಕೆ 76, ಕೊನೆ ಪಲ್ಲವಿ 80. ಒಂದು ಶೇಕರ್ ಹಾಕೋಕೂ ಇಡೀ ಹಾಡು ಕೈಯಲ್ಲೇ ನುಡಿಸ್ಬೇಕು. ಒಂದು ಚರಣದ ಬಿಜಿಎಂ (ಹಿನ್ನೆಲೆ ವಾದ್ಯ) ಚೆನ್ನಾಗಿ ಬಂತು, ಅದನ್ನೇ ಇನ್ನೊಂದಕ್ಕೆ ಕಾಪಿ ಮಾಡೋಣ ಅಂದ್ರೆ ಕೂರಲ್ಲ. ಎರಡು ವಾರದ ನಂತರ ಗಿಟಾರಿನವನು ಅವನ ಮನೆಯಲ್ಲಿ ನುಡಿಸಿ ಕಳಿಸ್ಬೇಕು ಅಂದ್ರೆ ಯಾವುದನ್ನ ಹಿಡಿದು ನುಡಿಸೋದು? ವೇಗ ಏರೋದನ್ನ ಹಾಡುವವರು ಭಾವ ಅಂತಾರೆ. ಎಷ್ಟೋ ಸಲ ಅದು ಭಾವ ಅಲ್ಲ, ಉಸಿರು ಸಾಲದೆ ಓಡಿದ್ದು.

ಹೊಸನಗರದ ವೀಣಕ್ಕ ಅಲ್ಲ

ಹೆಸರು ಹಾಗೆ ಇಟ್ಟುಕೊಂಡಿದ್ದಕ್ಕೆ ಕಾರಣ ಕೇಳಬೇಡಿ. ಹಾಡುವವಳಾಗಿ ಎರಡು ಮಾತು.

ದುರ್ಗಿಗುಡಿಯವರೇ, ಉಸಿರು ಸಾಲದೆ ಓಡೋದು ನಿಜ, ಒಪ್ಪಿದೆ. ಆದರೆ ಎಲ್ಲ ಹಾಡೂ ಒಂದೇ ಅಲ್ಲ. ಮತ್ತೂರು, ಹೊಸಹಳ್ಳಿ ಕಡೆ ಕಾವ್ಯ ಓದುವ ಗಮಕ ಕೇಳಿದೀರಲ್ಲ? ಅಲ್ಲಿ ರಾಗ ಇದೆ, ತಾಳದ ಕಟ್ಟು ಇಲ್ಲ. ಮಾತಿನ ಅರ್ಥ ಎಲ್ಲಿ ನಿಲ್ಲುತ್ತೋ ಅಲ್ಲಿ ನಿಲ್ಲೋದು, ಎಲ್ಲಿ ಮುಂದಕ್ಕೆ ಹರಿಯುತ್ತೋ ಅಲ್ಲಿ ಹರಿಯೋದು. ತೀರ್ಥಳ್ಳಿಯವರ ಹಾಡಲ್ಲಿ ಅಂಥ ಸಾಲು ಇದ್ರೆ ಅದನ್ನ ಕ್ಲಿಕ್ಕಿಗೆ ಕಟ್ಟೋದು ಅನ್ಯಾಯ. ಆ ಭಾಗ ತಂಬೂರಿ ಒಂದನ್ನೇ ಕೇಳಿಕೊಂಡು ಹಾಡಲಿ, ಠೇಕಾ ಅದರ ನಂತರ ಶುರುವಾಗಲಿ. ಹಾಡಿನೊಳಗೇ ಇವೆರಡನ್ನೂ ಬೇರೆ ಮಾಡಿಕೊಂಡ್ರೆ ಜಗಳ ಅರ್ಧ ಮುಗೀತು.

ಇನ್ನೊಂದು ಹೆಡ್‌ಫೋನ್ ವಿಚಾರ. ನಿಮಗೆ ಟಿಕ್ ಟಿಕ್ ಅಷ್ಟು ಚುಚ್ಚುತ್ತೆ ಅಂದ್ರೆ ಗೆಳೆಯ ಅದನ್ನ ತನ್ನ ಕಿವಿಗೆ ಬೇಕಾದಷ್ಟು ಜೋರಾಗಿ ಇಟ್ಟಿರ್ತಾನೆ. ನಿಮಗೆ ತಂಬೂರಿ ಜಾಸ್ತಿ, ನಿಮ್ಮ ದನಿ ಸಾಕಷ್ಟು, ಠೇಕಾ ಕೇಳಿಯೂ ಕೇಳದ ಹಾಗೆ. ಒಂದು ಕಿವಿ ತೆರೆದು ಹಾಡಿದ್ರೆ ಶ್ರುತಿ ಸಲೀಸು, ಆದರೆ ತೆರೆದ ಕಡೆಯ ಹೆಡ್‌ಫೋನ್ ಕಪ್ಪನ್ನ ಕೆನ್ನೆಗೆ ಒತ್ತಿ ಇಟ್ಟುಕೊಳ್ಳಿ. ಇಲ್ಲಾಂದ್ರೆ ಅದರಿಂದ ಸೋರಿದ ಟಿಕ್ಕು ಮೈಕಿಗೆ ಹೋಗುತ್ತೆ. ಕೊನೆ ಸಾಲಲ್ಲಿ ದನಿ ತೆಳುವಾಗಿ ಇಳಿಯುವಾಗಲೇ ಅದು ಎದ್ದು ಕೇಳೋದು. ಆ ಜಾಗದಲ್ಲಿ ಕ್ಲಿಕ್ ನಿಲ್ಲಿಸೋಕೆ ಹೇಳಿ.

ನಿಮ್ಮ ದನಿ ಕಿವಿಗೆ ಚೂರು ತಡವಾಗಿ ಬರ್ತಿದೆಯಾ ಅಂತಲೂ ನೋಡಿ. ಇಂಟರ್ಫೇಸಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇರುತ್ತೆ, ಅದನ್ನ ಒತ್ತಿದ್ರೆ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಬರುತ್ತೆ. ತಡವಾಗಿ ಕೇಳಿದ್ರೆ ಎಂಥವರಿಗೂ ಲಯ ತಪ್ಪುತ್ತೆ, ಬೈಗುಳ ಮಾತ್ರ ಕ್ಲಿಕ್ಕಿಗೆ.

ತೀರ್ಥಳ್ಳಿ ಕಡೆಯವ

ಅಕ್ಕ, ನೀವು ಹೇಳಿದ್ದು ಸರಿಯಾಗಿ ತಾಗಿತು. ಎರಡನೇ ಹಾಡಿನ ಮೊದಲ ನಾಲ್ಕು ಸಾಲು ಹಾಗೇ ಇದೆ, ತಾಳ ಇಲ್ಲ. ಅದನ್ನೇ ನಾವು 70ಕ್ಕೆ ಕೂರಿಸೋಕೆ ಹೆಣಗ್ತಾ ಇದ್ದದ್ದು.

ಕಿವಿಯಣ್ಣ, ಕೆಳಗೆ ನಡುಮನೆ ಪಕ್ಕ ಮುಚ್ಚಿಗೆ ಕೋಣೆ ಇದೆ. ಅಕ್ಕಿ ಮೂಟೆ, ಹಳೇ ಹಾಸಿಗೆ, ಖಾಲಿ ಗೋಣಿಚೀಲ ಎಲ್ಲ ಅಲ್ಲೇ. ಚಪ್ಪಾಳೆ ತಟ್ಟಿ ನೋಡಿದೆ. ಉಪ್ಪರಿಗೆಯಲ್ಲಿ ಟ್ರ್ರ್ ಅಂತ ಗೋಡೆಯಿಂದ ಗೋಡೆಗೆ ಹೋಗಿ ಬರುತ್ತೆ, ಇಲ್ಲಿ ಪಟ್ ಅಂತ ಸತ್ತೇ ಹೋಗುತ್ತೆ. ಅಮ್ಮನ ಪರ್ಮಿಷನ್ ಸಿಕ್ಕಿದೆ, ಹಬ್ಬದೊಳಗೆ ಜಾಗ ಖಾಲಿ ಮಾಡಿಕೊಡಬೇಕು.

ಸಾಗರದ ಕಿವಿ

ಮೂಟೆ ಯಾವುದನ್ನೂ ಹೊರಗೆ ಹಾಕಬೇಡಿ.

ಏಳು ಮಾತ್ರೆ

ದುರ್ಗಿಗುಡಿಯವರ ಸಂಕಟಕ್ಕೂ ದಾರಿ ಇದೆ. ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು, ಕ್ಲಿಕ್ ಇಲ್ಲದೆ, ಹಾಡು ಕೀಬೋರ್ಡು ಒಟ್ಟಿಗೆ ಒಂದು ಸಲ ಪೂರ್ತಿ ರೆಕಾರ್ಡ್ ಮಾಡಿ. ಗುಣಮಟ್ಟ ನೋಡಬೇಡಿ, ಅದು ಬರೀ ದಾರಿ ತೋರೋಕೆ. ಆಮೇಲೆ ರೀಪರಲ್ಲಿ ಪ್ರತಿ ಆವರ್ತನದ ಸಮ್ (ಮೊದಲ ಒತ್ತು) ಮೇಲೆ ಒಂದು ಟೆಂಪೋ ಮಾರ್ಕರ್ ಇಡ್ತಾ ಹೋಗಿ. ನಾಲ್ಕು ನಿಮಿಷದ ಹಾಡಿಗೆ ಒಂದು ಗಂಟೆ ಕೆಲಸ. ಈಗ ಕ್ಲಿಕ್ಕು ನೀವು ಹಾಡಿದ ಹಾಗೆ ಹೋಗುತ್ತೆ. ಚರಣದಲ್ಲಿ ನೀವು ಎಳೆದ ಕಡೆ ಅದೂ ಎಳೆಯುತ್ತೆ. ಗಿಟಾರಿನವನಿಗೆ ಅದನ್ನೇ ಕೊಡಿ. ಮಾರ್ಕರ್ ಇಡುವಾಗಲೇ ಗೊತ್ತಾಗುತ್ತೆ ಯಾವುದು ಭಾವ, ಯಾವುದು ಉಸಿರು ಅಂತ. 72, 73, 72, 71 ಅಂತ ಇದ್ರೆ ಬಿಡಿ. 72ರಿಂದ 80ಕ್ಕೆ ಏರಿ ಇಳೀದೇ ಹೋದ್ರೆ ಮತ್ತೊಮ್ಮೆ ಹಾಡಿ.

ದುರ್ಗಿಗುಡಿ ಕೀಬೋರ್ಡ್

ಇದು ಒಪ್ಪಬಹುದು. ಆದ್ರೆ ಮಾರ್ಕರ್ ಇಡೋ ಕೆಲಸ ಹಾಡುವವರದ್ದು ಅಂತ ಮೊದಲೇ ಮಾತಾಗಿರಲಿ. 🙂

ಹಾರ್ಮೋನಿಯಂ ವಿಷಯ. ಹಳೇ ಪೆಟ್ಟಿಗೆಯ ರೀಡು ಈಗಿನ ಶ್ರುತಿಯ ಅಳತೆ 440 ಹರ್ಟ್ಸ್‌ಗೆ ಇರಲ್ಲ, ಹೆಚ್ಚೋ ಕಡಿಮೆಯೋ ಇರುತ್ತೆ. ರೀಡ್ ಉಜ್ಜಿಸೋದಕ್ಕೆ ಹೋಗಬೇಡಿ, ಅಜ್ಜನ ಪೆಟ್ಟಿಗೆ ಹಾಗೇ ಇರಲಿ. ಮೊಬೈಲಲ್ಲಿ ಟ್ಯೂನರ್ ಹಾಕಿ ಮಧ್ಯ ಸ್ಥಾಯಿಯ ಎ ಸ್ವರ (ಬಿಳಿ ಆರು) ಅಳೆಯಿರಿ. ಉದಾಹರಣೆಗೆ 445 ಬಂತು ಅನ್ನಿ, ಅದು ಸುಮಾರು 20 ಸೆಂಟ್ಸ್, ಅಂದ್ರೆ ಅರ್ಧ ಸ್ವರದ ಐದನೇ ಒಂದು ಪಾಲು, ಮೇಲೆ. ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗಲ್ಲಿ 445 ಅಂತ ಇಟ್ಟರೆ ಕೀಬೋರ್ಡೇ ಪೆಟ್ಟಿಗೆ ಹತ್ತಿರ ಬರುತ್ತೆ. ತೊಂದರೆ ಕೊಳಲಿಗೆ. ಕೊಳಲನ್ನ ಅಷ್ಟು ಎತ್ತಿ ನುಡಿಸೋದು ಕಷ್ಟ. ಊದಿ ಬೆಚ್ಚಗಾದ ಮೇಲೆ ಸ್ವಲ್ಪ ಏರುತ್ತೆ, ಮಳೆಗಾಲದ ತಣ್ಣನೆ ಬೆಳಿಗ್ಗೆ ಮೊದಲ ಟೇಕ್ ಯಾವಾಗಲೂ ಇಳಿದಿರುತ್ತೆ. ಕೊಳಲಿರುವ ಹಾಡಿಗೆ ಹಾರ್ಮೋನಿಯಂ ಬೇಡ, ಹಾರ್ಮೋನಿಯಂ ಇರುವ ಹಾಡಿಗೆ ಕೊಳಲು ಬೇಡ ಅಂತ ಹಂಚಿಕೊಂಡ್ರೆ ನೆಮ್ಮದಿ.

ನಿಮ್ಮ ಶ್ರುತಿ ಯಾವುದು?

ತೀರ್ಥಳ್ಳಿ ಕಡೆಯವ

ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ). ಒಂದು ಹಾಡು ಮಾತ್ರ ಬಿಳಿ ಎರಡು, ಮೇಲೆ ಹೋದಾಗ ಕಿರುಚಿದ ಹಾಗೆ ಆಗುತ್ತೆ.

ಹೊಸನಗರದ ವೀಣಕ್ಕ ಅಲ್ಲ

ಅದನ್ನೂ ಕಪ್ಪು ಒಂದಕ್ಕೆ ಇಳಿಸಿ. ಮೈಕಿನ ಮುಂದೆ ಅರ್ಧ ಸ್ವರ ಕೆಳಗೆ ಹಾಡಿದ್ರೆ ಯಾರೂ ದಂಡ ಹಾಕಲ್ಲ. ವೇದಿಕೆಗೆ ಎತ್ತರದ ಶ್ರುತಿ ಬೇಕಾಗುತ್ತೆ, ಕೋಣೆಗೆ ಬೇಡ.

ಏಳು ಮಾತ್ರೆ

ತಬಲಾ ಕರೆಸುವುದಾದ್ರೆ ಒಂದು ಮಾತು. ಈ ಥಂಡಿಗೆ ಚರ್ಮ ಸಡಿಲಾಗಿ ಶ್ರುತಿ ಇಳೀತಾ ಹೋಗುತ್ತೆ. ಬಂದ ಕೂಡಲೇ ನುಡಿಸು ಅನ್ನಬೇಡಿ. ಕೋಣೆಯಲ್ಲಿ ಒಂದು ಹಳೇ ಕಾಲದ 100 ವ್ಯಾಟಿನ ಬಲ್ಬು ಹಚ್ಚಿ, ಸ್ವಲ್ಪ ದೂರದಲ್ಲಿ ತಬಲಾ ಇಟ್ಟು, ಕಾಫಿ ಮುಗಿಸಿ ಬನ್ನಿ. ಪ್ರತಿ ಟೇಕಿಗೂ ಮೊದಲು ಸುತ್ತಿಗೆ ಹಾಕಿ ಶ್ರುತಿ ನೋಡಲೇಬೇಕು. ಮೈಕು, ಅದರಲ್ಲೂ ಕಂಡೆನ್ಸರ್, ಹೊರಗೆ ಬಿಡಬೇಡಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟವರನ್ನ ನೋಡಿದೀನಿ, ಧೂಳು ತುಂಬುತ್ತೆ.

ಇನ್ವರ್ಟರ್ ಸಂತ್ರಸ್ತ

ಕರೆಂಟಿನ ಬಗ್ಗೆ ಯಾರೂ ಎತ್ತಿಲ್ಲ, ಆಶ್ಚರ್ಯ. ತೀರ್ಥಳ್ಳಿ, ಕೊಪ್ಪ, ಹೊಸನಗರ ಕಡೆ ಮಳೆಗಾಲದಲ್ಲಿ ರೆಕಾರ್ಡ್ ಮಾಡ್ತೀವಿ ಅನ್ನೋರು ಮೊದಲು ಕೇಳಬೇಕಾದ್ದು ಇದೇ.

ಸ್ಪೀಕರಲ್ಲಿ ಗುಂಯ್ ಅಂತ ಕೇಳಿದ್ರೆ ಅದು 50 ಹರ್ಟ್ಸ್, ಅದರ ಮೇಲೆ 100, 150. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತ್ರೆ ಅರ್ಥಿಂಗ್ ಸಮಸ್ಯೆ, ಟೇಕ್ ಮುಗಿಯೋವರೆಗೂ ಬ್ಯಾಟರಿಯಲ್ಲೇ ಓಡಿಸಿ. ಹೇಗೂ ಈ ಇಂಟರ್ಫೇಸುಗಳು ಯುಎಸ್‌ಬಿಯಿಂದಲೇ ಕರೆಂಟು ತಗೊಳ್ಳುತ್ತೆ, ಕಂಡೆನ್ಸರಿಗೆ ಬೇಕಾದ 48 ವೋಲ್ಟನ್ನೂ ಅದೇ ಕೊಡುತ್ತೆ. ಕರೆಂಟು ಹೋಗಿ ಇನ್ವರ್ಟರ್‌ಗೆ ಬಿದ್ದಾಗ ಚಾರ್ಜರ್ ಹಾಕಿದ್ರೆ ಮಾತ್ರ ಜಿರ್ ಅನ್ನೋದು ಶುರು, ಚೌಕದ ಅಲೆ ಕೊಡೋ ಹಳೇ ಇನ್ವರ್ಟರ್ ಆದ್ರೆ ಇನ್ನೂ ಕೆಟ್ಟದು. ರೀಪರಲ್ಲಿ ತಾನಾಗಿ ಸೇವ್ ಆಗೋದನ್ನ ಎರಡು ನಿಮಿಷಕ್ಕೆ ಇಡಿ.

ಫ್ರಿಜ್ ಆಫ್ ಮಾಡಿ ಹಾಡಬೇಕು. ಆಫ್ ಮಾಡಿದವರು ಬೈಕಿನ ಕೀ ಫ್ರಿಜ್ ಒಳಗೆ ಇಡಿ. ಹೊರಡುವಾಗ ಕೀ ಹುಡುಕ್ತೀರಿ, ಫ್ರಿಜ್ ಆನ್ ಮಾಡೋದು ನೆನಪಾಗುತ್ತೆ. ನಿಮ್ಮ ಅಮ್ಮ ಕೊಟ್ಟ ಪರ್ಮಿಷನ್ ಹಾಲು ಒಡೆಯೋವರೆಗೆ ಮಾತ್ರ.

ಕಂಬ್ಳಿಕೊಪ್ಪೆ

ಜೀರುಂಡೆಗೆ ಏನು ಮಾಡೋದು? ಸಂಜೆ ಆರು ಗಂಟೆಗೆ ನಮ್ಮಲ್ಲಿ ಅದರದ್ದೇ ಕಛೇರಿ.

ಸಾಗರದ ಕಿವಿ

ಅದು ಮಳೆಗಿಂತ ಮೇಲು. ಬಹುಪಾಲು ಮೇಲಿನ ಒಂದು ಕಿರಿದಾದ ಪಟ್ಟಿಯಲ್ಲೇ ಕೂಗುತ್ತೆ, ಅನಲೈಸರಲ್ಲಿ ಮೊಳೆ ಎದ್ದು ನಿಂತ ಹಾಗೆ ಕಾಣುತ್ತೆ. ಅಷ್ಟನ್ನೇ ಕಿರಿದಾಗಿ ತಗ್ಗಿಸಿದ್ರೆ ದನಿಗೆ ದೊಡ್ಡ ನಷ್ಟ ಇಲ್ಲ. ಅದಕ್ಕಿಂತ ಸುಲಭ ಅಂದ್ರೆ ಸಂಜೆ ಹಾಡದೇ ಇರೋದು. ಹೇಗೂ ಗೆಳೆಯ ಬಸ್ಸು ಹಿಡೀಬೇಕಲ್ಲ.

ತೀರ್ಥಳ್ಳಿ ಕಡೆಯವ

ಇನ್ನೊಂದು ವಿಷಯ ಕೇಳೋಕೆ ಮುಜುಗರ, ಆದ್ರೂ ಕೇಳ್ತೀನಿ. ಸಾಹಿತ್ಯ, ರಾಗ ನನ್ನದು. ಮೂರನೇ ಹಾಡಿನ ರಾಗ ಮಾತ್ರ ಅವನು ನುಡಿಸ್ತಾ ನುಡಿಸ್ತಾ ಪೂರ್ತಿ ಬದಲಾಯ್ತು, ಈಗ ಅದು ಇಬ್ಬರದ್ದೂ. ಬಿಜಿಎಂ ಎಲ್ಲ ಅವನದ್ದು. ಹೆಸರು ಹೇಗೆ ಹಾಕೋದು? ಗೆಳೆಯನ ಹತ್ತಿರ ಕಾಗದ ಬರೆಸಿಕೊಳ್ಳೋದು ಅಂದ್ರೆ ಅವನು ಏನು ಅಂದುಕೊಳ್ಳಬಹುದು? ನಾಲ್ಕನೇದು ದೀಪಾವಳಿಯ ಅಂಟಿಗೆ ಪಂಟಿಗೆ ಪದದ ಧಾಟಿ ಹಿಡಿದು ಬರೆದದ್ದು. ಜೊತೆಗೆ ಅವನಿಗೆ ಕುವೆಂಪು ಅವರ ಒಂದು ಕವಿತೆಗೆ ರಾಗ ಹಾಕಿ ಆರನೇ ಹಾಡು ಮಾಡೋಣ ಅಂತ ಆಸೆ. ನಮ್ಮ ತಾಲ್ಲೂಕಿನವರೇ ಅಲ್ವಾ ಅಂತಾನೆ.

ಕಾನೂನಕ್ಕ

ತಾಲ್ಲೂಕು ಒಂದೇ ಅಂತ ಹಕ್ಕು ಬರಲ್ಲ ತಮ್ಮ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಕವಿ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದ್ರೆ 2054ರ ಕೊನೆವರೆಗೂ ಹಕ್ಕುದಾರರ ಒಪ್ಪಿಗೆ ಬೇಕು. ಬೇಂದ್ರೆಯವರು 1981, ಹಾಗಾಗಿ 2041. ಡಿವಿಜಿ 1975, ಹಾಗಾಗಿ 2035. ಹಳೇ ಕವಿತೆಯೇ ಬೇಕು ಅಂದ್ರೆ ವಚನ, ಸರ್ವಜ್ಞ, ದಾಸರ ಪದ ಬೇಕಾದಷ್ಟಿದೆ, ಯಾರನ್ನೂ ಕೇಳಬೇಕಿಲ್ಲ. ಅಥವಾ ಬರವಣಿಗೆಯಲ್ಲಿ ಅನುಮತಿ ಕೇಳಿ. ಕೇಳದೇನೇ ಅವರು ಕೊಡಲ್ಲ ಅಂದುಕೊಳ್ಳಬೇಡಿ.

ಅಂಟಿಗೆ ಪಂಟಿಗೆ ಪರಂಪರೆಯಿಂದ ಬಂದದ್ದು, ಧಾಟಿಗೆ ಒಡೆಯರಿಲ್ಲ. ಆದರೆ ದೀಪ ಹಿಡಿದು ಮನೆಮನೆಗೆ ಬಂದು ಹಾಡಿದ ಹಿರಿಯರ ದನಿಯನ್ನ ಫೋನಲ್ಲಿ ಹಿಡಿದು ನಿಮ್ಮ ಹಾಡಿಗೆ ಸೇರಿಸ್ತೀವಿ ಅಂದ್ರೆ ಅವರನ್ನ ಕೇಳಿ, ಹೆಸರು ಹಾಕಿ, ದುಡ್ಡೂ ಕೊಡಿ. ಹಾಡಿದವರಿಗೂ ಕಾಯ್ದೆಯಲ್ಲಿ ಹಕ್ಕಿದೆ.

ಇನ್ನು ನೀವಿಬ್ಬರು. ಹಾಡಿದವರ, ನುಡಿಸಿದವರ ಹಕ್ಕು ಬಿಟ್ಟು, ಒಂದು ಹಾಡಲ್ಲಿ ಮೂರು ಹಕ್ಕು ಇರುತ್ತೆ. ಸಾಹಿತ್ಯ ಬರೆದವರದ್ದು, ರಾಗ ಕಟ್ಟಿದವರದ್ದು, ರೆಕಾರ್ಡಿಂಗು. ಮೊದಲೆರಡು ಎಲ್ಲರಿಗೂ ಗೊತ್ತು. ರೆಕಾರ್ಡಿಂಗಿನ ಹಕ್ಕು ಅದನ್ನ ಮಾಡಿಸೋಕೆ ಮುಂದಾಗಿ ಜವಾಬ್ದಾರಿ ಹೊತ್ತವರದ್ದು, ಕಾಯ್ದೆಯ ಲೆಕ್ಕದಲ್ಲಿ ಅವರೇ ನಿರ್ಮಾಪಕರು. ನಿಮ್ಮ ಮನೆ, ನಿಮ್ಮ ಮೈಕು, ಅವನ ಕೆಲಸ. ಯಾರು ನಿರ್ಮಾಪಕರು? ಇವತ್ತು ಇಬ್ಬರೂ ನಗ್ತೀರಿ. ಯಾವನೋ ಸಿನಿಮಾದವನು ಹಾಡು ಕೇಳಿಕೊಂಡು ಬಂದ ದಿನ ನಗೋದು ಕಷ್ಟ.

ಆದ್ದರಿಂದ ಪ್ರತಿ ಹಾಡಿಗೂ ಅರ್ಧ ಹಾಳೆ. ಸಾಹಿತ್ಯ ಯಾರು, ರಾಗ ಯಾರು, ಎಷ್ಟು ಪಾಲು, ರೆಕಾರ್ಡಿಂಗಲ್ಲಿ ಯಾರಿಗೆ ಎಷ್ಟು, ವಾದ್ಯ ಜೋಡಿಸಿದ್ದು ಯಾರು. ಇಬ್ಬರ ಸಹಿ, ತಾರೀಕು. ಮೂರನೇ ಹಾಡಿನ ರಾಗ ಅರ್ಧರ್ಧ ಅಂತ ಅವನು ಕೇಳುವ ಮೊದಲು ನೀವೇ ಬರೆಯಿರಿ. ಮುಂದೆ ಯಾರಾದರೂ ಕಂಪನಿಯವರು ಹಕ್ಕು ಬರೆದುಕೊಡಿ ಅಂದಾಗ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆದಿಲ್ಲ ಅಂದ್ರೆ ಕಾಯ್ದೆ ಪ್ರಕಾರ ಐದೇ ವರ್ಷ, ಪ್ರದೇಶ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರ ಕಾಗದದಲ್ಲಿ ಶಾಶ್ವತವಾಗಿ, ವಿಶ್ವದಾದ್ಯಂತ ಅಂತ ಇರೋದು. ಆ ಎರಡು ಪದ ಹುಡುಕಿ ನೋಡಿ ಆಮೇಲೆ ಪೆನ್ನು ತೆಗೀರಿ.

ಇನ್ವರ್ಟರ್ ಸಂತ್ರಸ್ತ

ಇಷ್ಟೆಲ್ಲ ಮಾಡಿ ಏನು ಬರುತ್ತೆ ಅಂತ? ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ 2024ರಿಂದ ಒಂದು ಪೈಸೆಯೂ ಕೊಡ್ತಿಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡ್ಕೊಳ್ಳಿ ಅಂತೀನಿ, ತಪ್ಪು ತಿಳೀಬೇಡಿ.

ಹೊಸನಗರದ ವೀಣಕ್ಕ ಅಲ್ಲ

ಶಿವಮೊಗ್ಗ ಸುಬ್ಬಣ್ಣನವರು ವಕೀಲರಾಗಿದ್ದುಕೊಂಡೇ ಹಾಡಿದ್ದು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರೂ ಅವರೇ. ಬೇರೆ ಕೆಲಸ ಇದ್ದ ಮಾತ್ರಕ್ಕೆ ಹಾಡು ಕೆಡಲ್ಲ, ತೀರ್ಥಳ್ಳಿಯವರೂ ಇರೋ ಕೆಲಸ ಬಿಟ್ಟು ಬರ್ತೀನಿ ಅಂದಿಲ್ಲ.

ದುರ್ಗಿಗುಡಿ ಕೀಬೋರ್ಡ್

ಹಾಕೋದಂತೂ ಹಾಕಿ. ಸ್ಪಾಟಿಫೈ ಥರದ ಕಡೆ ಹಾಡು ತಲುಪಿಸೋ ಡಿಸ್ಟ್ರಿಬ್ಯೂಟರ್ ಮೂಲಕ ಹಾಕಿದ್ರೆ ಪ್ರತಿ ರೆಕಾರ್ಡಿಂಗಿಗೂ ಅದನ್ನ ಗುರುತಿಸೋ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಅವರೇ ಕೊಡ್ತಾರೆ, ಬರೆದಿಟ್ಟುಕೊಳ್ಳಿ. ಸಾಹಿತ್ಯ, ರಾಗದ ರಾಯಲ್ಟಿಗೆ ಬರೆದವರ ಪರವಾಗಿ ಅದನ್ನ ವಸೂಲು ಮಾಡೋ ಸಂಘ ಐಪಿಆರ್‌ಎಸ್ ಸದಸ್ಯತ್ವ ಇದೆ. ಮಾಸ್ಟರಿಂಗಲ್ಲಿ (ಹಾಡಿಗೆ ಕೊನೆಯ ಹದ ಕೊಡುವಾಗ) ಜೋರು ಮಾಡೋ ಚಟ ಬೇಡ, ಸ್ಪಾಟಿಫೈ ಜೋರಿನ ಅಳತೆಯಲ್ಲಿ ಸುಮಾರು ಮೈನಸ್ 14 ಲಫ್ಸ್‌ಗೆ ಇಳಿಸಿಯೇ ಕೇಳಿಸೋದು.

ತೀರ್ಥಳ್ಳಿ ಕಡೆಯವ

ಸುದ್ದಿ ಹೇಳಿಬಿಡ್ತೀನಿ. ಮುಚ್ಚಿಗೆ ಕೋಣೆಯಲ್ಲಿ ಮೂರು ಹಾಡಿನ ದನಿ ಮುಗೀತು. ಎಸ್‌ಎಂ58, ಒಂದು ಗೇಣು, ಹಿಂದೆ ಕಂಬಳಿ, ಎದುರು ಅಕ್ಕಿ ಮೂಟೆ. ಹೊರಗೆ ಜೋರು ಮಳೆ ಇದ್ದಾಗಲೂ ಟ್ರ್ಯಾಕಲ್ಲಿ ಹುಡುಕಿದ್ರೆ ಸಿಗುತ್ತೆ ಅಷ್ಟೇ. ಎರಡನೇ ಹಾಡಿನ ತಾಳವಿಲ್ಲದ ನಾಲ್ಕು ಸಾಲನ್ನ ತಂಬೂರಿ ಆ್ಯಪ್ ಹಾಕಿಕೊಂಡು ಹಾಡಿದೆ. ಗೆಳೆಯ ಏನೂ ಅನ್ನಲಿಲ್ಲ, ನಾಲ್ಕನೇ ಸಾಲು ಮುಗಿದು ನಾನು ಉಸಿರು ತಗೊಳ್ಳುವ ಜಾಗ ನೋಡಿಕೊಂಡು ಕೊಳಲು ಬಿಟ್ಟ. ಅದು ಬರೆದಿಟ್ಟುಕೊಂಡು ಬರುವಂಥದ್ದಲ್ಲ. ಉಳಿದ ಭಾಗಕ್ಕೆ ಠೇಕಾ. ಮಾರ್ಕರ್ ನಾನೇ ಇಟ್ಟೆ, ದುರ್ಗಿಗುಡಿಯವರು ಸಂತೋಷಪಡಿ. ಎರಡನೇ ಚರಣದಲ್ಲಿ ನಾನು 79ಕ್ಕೆ ಓಡಿದ್ದು ಕಣ್ಣಿಗೇ ಕಾಣ್ತು, ಮತ್ತೆ ಹಾಡಬೇಕು.

ಹಾಳೆಗೂ ಸಹಿ ಆಯ್ತು. ನಾನು ಅರ್ಧ ಅಂತ ಬರೆದದ್ದನ್ನ ಅವನು ಹೊಡೆದುಹಾಕಿ ತನ್ನ ಪಾಲನ್ನ ಮೂರನೇ ಒಂದು ಮಾಡಿದ. ಕುವೆಂಪು ಕವಿತೆ ಸದ್ಯಕ್ಕಿಲ್ಲ.

ಈಗ ಗಿಟಾರಿಗೆ ಸಾಗರದ ಒಬ್ಬರು ಒಪ್ಪಿದ್ದಾರೆ, ಅವರ ಮನೆಯಲ್ಲೇ ನುಡಿಸಿ ಕಳಿಸ್ತಾರೆ. ಅವರಿಗೆ ಏನೇನು ಕಳಿಸಬೇಕು? ವಾಟ್ಸಾಪಲ್ಲಿ ಹಾಕಿದ್ರೆ ಸಾಕಾ?

ಸಾಗರದ ಕಿವಿ

ವಾಟ್ಸಾಪಲ್ಲಿ ಆಡಿಯೋ ಅಂತ ಹಾಕಬೇಡಿ, ಡ್ರೈವ್ ಲಿಂಕ್ ಕೊಡಿ. ಒಂದು ಫೋಲ್ಡರ್ ಮಾಡಿ. ದನಿ ಒಂದು ಫೈಲ್, ಕೀಬೋರ್ಡ್ ಒಂದು, ನೀವು ಟೆಂಪೋ ಮ್ಯಾಪಿಂದ ತೆಗೆದ ಕ್ಲಿಕ್ಕು ಒಂದು. ಎಲ್ಲಾ 24 ಬಿಟ್ ವೇವ್, ನೀವು ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟಲ್ಲೇ, 48 ಕಿಲೋಹರ್ಟ್ಸ್ ಇದ್ರೆ 48. ಪ್ರತಿ ಫೈಲೂ ಸೊನ್ನೆಯಿಂದಲೇ ಶುರುವಾಗಬೇಕು, ಹಾಡು ಶುರುವಾಗೋ ಜಾಗದಿಂದಲ್ಲ. ಇಲ್ಲಾಂದ್ರೆ ಅವರು ಎಲ್ಲಿ ಕೂರಿಸ್ಬೇಕು ಅಂತ ಹುಡುಕ್ತಾ ಕೂರ್ತಾರೆ. ಫೈಲ್ ಹೆಸರಲ್ಲೇ ಶ್ರುತಿ ಬರೆದುಬಿಡಿ. ಹಾರ್ಮೋನಿಯಂ ಹಾಡಾದ್ರೆ ಎಷ್ಟಕ್ಕೆ ಟ್ಯೂನ್ ಮಾಡಿದ್ರಿ ಅನ್ನೋದನ್ನೂ, ಗಿಟಾರ್ ತಂತಿ ಅದಕ್ಕೇ ಕಟ್ಟಬೇಕಲ್ಲ.

ತೀರ್ಥಳ್ಳಿ ಕಡೆಯವ

ಪೆಟ್ಟಿಗೆ 443 ಬಂತು. ಬರೆದು ಹಾಕ್ತೀನಿ. ಕರೆಂಟು ಬಂದ ಮೇಲೆ ಅಪ್‌ಲೋಡ್.